ಎನ್‌ಸಿಇಆರ್‌ಟಿ 8ನೇ ತರಗತಿಯ ಹೊಸ ಸಮಾಜ ವಿಜ್ಞಾನ: ಇತಿಹಾಸದ ಅಧ್ಯಾಯಗಳಲ್ಲಿ ಧರ್ಮದ ಅಳತೆಗೋಲು

ಪುಸ್ತಕ: 'ಎಕ್ಸ್‌ಪ್ಲೋರಿಂಗ್ ಸೊಸೈಟಿ: ಇಂಡಿಯಾ ಅಂಡ್ ಬಿಯಾಂಡ್', 8ನೇ ತರಗತಿ, ಭಾಗ 1
ಪ್ರಕಾಶಕರು: ಎನ್‌ಸಿಇಆರ್‌ಟಿ, ಬಿಡುಗಡೆ 2025ರ ಜುಲೈ

ಕೇಂದ್ರೀಯ ವಿದ್ಯಾಲಯ, ನವೋದಯ ಮತ್ತು ಸಿಬಿಎಸ್‌ಇ ಶಾಲೆಗಳ ಎಂಟನೇ ತರಗತಿ ಮಕ್ಕಳ ಕೈಗೆ ಬಂದಿರುವ ಈ ಪುಸ್ತಕದಲ್ಲಿ ಏಳು ಅಧ್ಯಾಯಗಳಿವೆ. ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಬಿಟ್ಟರೆ ಇತಿಹಾಸಕ್ಕೆ ಸಿಕ್ಕಿರುವುದು ಮೂರು: ದೆಹಲಿ ಸುಲ್ತಾನರಿಂದ ಮೊಘಲರವರೆಗಿನ ರಾಜಕೀಯ, ಮರಾಠರ ಏಳಿಗೆ ಮತ್ತು ವಸಾಹತು ಕಾಲ. ಈ ವಿಮರ್ಶೆ ಆ ಮೂರು ಅಧ್ಯಾಯಗಳ ಮಟ್ಟಿಗೆ ಮಾತ್ರ. ಪಾಠದೊಳಗೆ ಧರ್ಮ ಎಲ್ಲಿ ಬರುತ್ತದೆ, ಹೇಗೆ ಬರುತ್ತದೆ, ಎಲ್ಲಿ ಬರದೇ ಹೋಗುತ್ತದೆ ಎಂಬುದನ್ನು ಇಲ್ಲಿ ನೋಡಿದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇತಿಹಾಸದ ಪಾಠದಿಂದ ಧರ್ಮವನ್ನು ಹೊರಗಿಡಬೇಕು ಎಂಬ ವಾದ ನನ್ನದಲ್ಲ. ಮಧ್ಯಯುಗದ ರಾಜರು ಧರ್ಮದ ಹೆಸರಲ್ಲಿ ದಾನ ಕೊಟ್ಟರು, ಧರ್ಮದ ಹೆಸರಲ್ಲಿ ಕೆಡವಿದರು. ಎರಡನ್ನೂ ಮಕ್ಕಳಿಗೆ ಹೇಳಬೇಕು. ಆದರೆ ಒಬ್ಬ ರಾಜ ಗುಡಿ ಕೆಡವಿದರೆ ಅದಕ್ಕೆ ಧರ್ಮ ಕಾರಣ, ಇನ್ನೊಬ್ಬ ಕೆಡವಿದರೆ ರಾಜಕೀಯ ಕಾರಣ ಎನ್ನುವಂತಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವ ಪಾಠ ಎಷ್ಟೇ ನಿಜ ಸಂಗತಿಗಳಿಂದ ತುಂಬಿದ್ದರೂ ಮಗುವಿಗೆ ತಪ್ಪು ಕಲಿಸುತ್ತದೆ. ಈ ಪುಸ್ತಕದ ಬಲವೂ ಕೊರತೆಯೂ ಇರುವುದು ಇಲ್ಲೇ.

ಬಲ ಏನೆಂದರೆ, ಹಳೆಯ ಪುಸ್ತಕಗಳಿಗಿಂತ ಇದರಲ್ಲಿ ಮೂಲ ಆಕರಗಳು ಹೆಚ್ಚು ಕಾಣಿಸುತ್ತವೆ. ಅಧ್ಯಾಯದ ಆರಂಭದಲ್ಲಿ ದೊಡ್ಡ ಪ್ರಶ್ನೆಗಳು, ನಡುನಡುವೆ ಮಾಡಿ ನೋಡುವ ಚಟುವಟಿಕೆಗಳು, ಬಣ್ಣದ ಚೌಕದಲ್ಲಿ ಹೆಚ್ಚಿನ ಮಾಹಿತಿ. ಚಿತ್ರ ಮತ್ತು ನಕ್ಷೆಗಳ ಗುಣಮಟ್ಟ ಚೆನ್ನಾಗಿದೆ. ಅಹೋಮರು, ಗೊಂಡ್ವಾನದ ರಾಣಿ ದುರ್ಗಾವತಿ, ಸಿಖ್ ಗುರುಗಳು, ತಾರಾಬಾಯಿ, ಅಹಲ್ಯಾಬಾಯಿ ಹೋಳ್ಕರ್ ಮುಂತಾದವರಿಗೆ ಇಲ್ಲಿ ಜಾಗ ಸಿಕ್ಕಿದೆ. ದೆಹಲಿಯೊಂದೇ ಭಾರತವಲ್ಲ ಎಂದು ಇದರಿಂದ ಮಗುವಿಗೆ ತಿಳಿಯುತ್ತದೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಕೊರತೆ ಶುರುವಾಗುವುದು ಅಡಕದಿಂದ. ಹಿಂದಿನ ಏಳನೇ ತರಗತಿಯ ಪುಸ್ತಕದಲ್ಲಿ ದೆಹಲಿ ಸುಲ್ತಾನರಿಗೆ ಒಂದು ಅಧ್ಯಾಯ, ಮೊಘಲರಿಗೆ ಇನ್ನೊಂದು ಅಧ್ಯಾಯ ಇತ್ತು. ಹೊಸ ಏಳನೇ ತರಗತಿಯಿಂದ ಅವೆರಡನ್ನೂ ತೆಗೆದು, ಎಂಟನೇ ತರಗತಿಯ ಈ ಒಂದೇ ಅಧ್ಯಾಯಕ್ಕೆ ತುಂಬಿದ್ದಾರೆ. ಸುಲ್ತಾನರು, ವಿಜಯನಗರ, ಬಹಮನಿಗಳು, ರಜಪೂತರು, ಮೊಘಲರು, ಅಹೋಮರು, ಸಿಖ್ಖರು ಎಲ್ಲರೂ ಇಲ್ಲೇ. ಇಷ್ಟು ಶತಮಾನಗಳನ್ನು ಒಂದೇ ಅಧ್ಯಾಯಕ್ಕೆ ಅಡಕ ಮಾಡಿದಾಗ ಮೊದಲು ಬೀಳುವುದು ಕಾರಣಗಳು. ಕಂದಾಯ, ಕುದುರೆ ವ್ಯಾಪಾರ, ಕೋಟೆಗಳ ಆಯಕಟ್ಟು, ಮದುವೆ ಸಂಬಂಧ ಇವನ್ನೆಲ್ಲ ವಿವರಿಸಲು ಜಾಗ ಬೇಕು. ಕ್ರೂರಿ, ಸಹಿಷ್ಣು ಎಂಬ ವಿಶೇಷಣಕ್ಕೆ ಒಂದು ಪದ ಸಾಕು. ಬಾಬರನನ್ನು ನಿರ್ದಯಿ ವಿಜೇತ ಎಂದು, ಅಕ್ಬರನ ಆಳ್ವಿಕೆಯನ್ನು ಕ್ರೌರ್ಯ ಮತ್ತು ಸಹಿಷ್ಣುತೆಗಳ ಮಿಶ್ರಣ ಎಂದು ಪುಸ್ತಕ ಬಣ್ಣಿಸುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪರೀಕ್ಷೆಗೆ ಓದುವ ಮಗುವಿಗೆ ಕೊನೆಗೆ ನೆನಪಿರುವುದು ವಿಶೇಷಣವೇ.

ಚಿತ್ತೋರಿನ ಪ್ರಸಂಗವನ್ನು ಹತ್ತಿರದಿಂದ ನೋಡೋಣ. 1568ರಲ್ಲಿ ಅಕ್ಬರನ ಮುತ್ತಿಗೆಗೆ ಮೇವಾಡದ ರಜಪೂತರ ಈ ಕೋಟೆ ಬಿದ್ದ ಮೇಲೆ ಸುಮಾರು 30,000 ಜನರ ಕೊಲೆಯಾಯಿತು. ಈ ಸಂಖ್ಯೆ ಕೊಡುವವನು ಶತ್ರುವಲ್ಲ, ಅಕ್ಬರನ ಆಸ್ಥಾನದ ಅಬುಲ್ ಫಜಲ್. ಪುಸ್ತಕ ಇದನ್ನು ಹೇಳಿ, ಅಕ್ಬರನ ವಿಜಯ ಸಂದೇಶದ ತುಣುಕನ್ನೂ ಕೊಡುತ್ತದೆ. ಇದು ಸರಿಯಾದ ಕ್ರಮ, ಮುಚ್ಚಿಡುವಂಥದ್ದೇನೂ ಅಲ್ಲ. ಆದರೆ ವಿಜಯ ಸಂದೇಶ ಎಂಬ ಬರವಣಿಗೆಗೆ ತನ್ನದೇ ಧಾಟಿ ಇದೆ. ಆಸ್ಥಾನದ ಮುನ್ಷಿಗಳು ಧರ್ಮಯುದ್ಧದ ಭಾಷೆಯಲ್ಲಿ, ಬೇರೆ ಅರಸರೂ ಪ್ರಾಂತ್ಯದ ಅಧಿಕಾರಿಗಳೂ ಓದಲಿ ಎಂದು ಬರೆಯುವ ಪತ್ರ ಅದು. ನಮ್ಮ ಶಾಸನಗಳ ಪ್ರಶಸ್ತಿ ಭಾಗದಲ್ಲಿ ರಾಜ ನಾಲ್ಕು ಸಮುದ್ರಗಳವರೆಗೆ ಗೆದ್ದ ಎಂದು ಬರುತ್ತದಲ್ಲ, ಅದನ್ನು ಓದುವಷ್ಟೇ ಎಚ್ಚರಿಕೆ ಇದಕ್ಕೂ ಬೇಕು. ಮುತ್ತಿಗೆಯ ಕಾಮಗಾರಿ ನೋಡಿಕೊಂಡವರಲ್ಲಿ ತೋದರಮಲ್ಲನಿದ್ದ, ಅಕ್ಬರನ ಪಾಳೆಯದಲ್ಲಿ ಆಮೇರದ ಭಗವಂತದಾಸನಿದ್ದ. ಎಂಟು ವರ್ಷದ ನಂತರ ಹಳದೀಘಾಟಿಯಲ್ಲಿ ಮೊಘಲ್ ಸೇನೆಯನ್ನು ನಡೆಸಿದವನು ಮಾನಸಿಂಹ, ರಾಣಾ ಪ್ರತಾಪನ ಪರ ಹೋರಾಡಿದವನು ಹಕೀಂ ಖಾನ್ ಸೂರ್. ಈ ನಾಲ್ಕು ಹೆಸರುಗಳನ್ನು ಚಿತ್ತೋರಿನ ಪಕ್ಕ ಇಟ್ಟರೆ ಸಂದೇಶದ ಭಾಷೆ ಯಾವುದು, ನಡೆದ ರಾಜಕೀಯ ಯಾವುದು ಎಂದು ಹದಿಮೂರು ವರ್ಷದ ಮಗುವೂ ಬೇರ್ಪಡಿಸಬಲ್ಲದು.

ಇಸವಿಗಳ ವಿಷಯದಲ್ಲೂ ಒಂದು ಮಾತು. ಎಳೆಯ ವಯಸ್ಸಿನಲ್ಲಿ ಕ್ರೂರಿ, ಬೆಳೆದ ಮೇಲೆ ಉದಾರಿ ಎಂಬ ಕಥೆಯನ್ನು ಶಿಕ್ಷಕರು ಸುಲಭಕ್ಕೆ ಕಟ್ಟಿಬಿಡುತ್ತಾರೆ. ಅಕ್ಬರ್ ಯಾತ್ರಾರ್ಥಿಗಳ ತೆರಿಗೆ ತೆಗೆದದ್ದು 1563ರಲ್ಲಿ, ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ ತೆಗೆದದ್ದು 1564ರಲ್ಲಿ. ಚಿತ್ತೋರು ಅದಾದ ನಾಲ್ಕು ವರ್ಷಕ್ಕೆ. ಮೂರು ಇಸವಿಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದರೆ ಆ ಕಥೆ ನಿಲ್ಲುವುದಿಲ್ಲ.

ಔರಂಗಜೇಬನ ಭಾಗ ಇದಕ್ಕಿಂತ ಉತ್ತಮ. ದೇವಾಲಯಗಳನ್ನು ಕೆಡವಲು ಕೊಟ್ಟ 1669ರ ಆದೇಶ, ಕಾಶಿ, ಮಥುರಾ ಇವೆಲ್ಲ ಬರುತ್ತವೆ. ಅವನ ಉದ್ದೇಶ ಮುಖ್ಯವಾಗಿ ರಾಜಕೀಯವಾಗಿತ್ತು ಎನ್ನುವ ವಿದ್ವಾಂಸರೂ ಇದ್ದಾರೆ ಎಂದು ಪುಸ್ತಕ ಒಪ್ಪಿಕೊಳ್ಳುತ್ತದೆ, ಆಮೇಲೆ ಧಾರ್ಮಿಕ ಉದ್ದೇಶವೂ ಸ್ಪಷ್ಟ ಎಂದು ತನ್ನ ತೀರ್ಮಾನ ಹೇಳುತ್ತದೆ. ಭಿನ್ನಮತವನ್ನು ಹೇಳಿ ನಂತರ ತೀರ್ಪು ಕೊಡುವುದು ಒಳ್ಳೆಯ ಪದ್ಧತಿ. ಒಂದೇ ಕೊರತೆ, ಒಂದು ಪಕ್ಷದ ದಾಖಲೆ ಎದ್ದು ಕಾಣುವಷ್ಟು ಇನ್ನೊಂದರದು ಕಾಣುವುದಿಲ್ಲ. ಕಾಶಿಯ ಹಳೆಯ ದೇವಾಲಯಗಳನ್ನು ಕೆಡವಬಾರದು, ಆದರೆ ಹೊಸದನ್ನು ಕಟ್ಟಬಾರದು ಎಂದು 1659ರಲ್ಲಿ ಅವನೇ ಕೊಟ್ಟ ಫರ್ಮಾನು ಉಳಿದಿದೆ. 1659 ಮತ್ತು 1669ರ ಎರಡು ಆದೇಶಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಿ, ಹತ್ತು ವರ್ಷದಲ್ಲಿ ಏನು ಬದಲಾಯಿತು ಎಂದು ಕೇಳಿದ್ದರೆ ಇದು ಇಡೀ ಪುಸ್ತಕದ ಅತ್ಯುತ್ತಮ ಚಟುವಟಿಕೆಯಾಗುತ್ತಿತ್ತು. ಜಿಜಿಯಾವನ್ನು 1679ರಲ್ಲಿ ಮತ್ತೆ ಹೇರಿದ ಸಂಗತಿಯನ್ನೂ ಅದೇ ಸಾಲಿಗೆ ಸೇರಿಸಬಹುದು.

ಇತಿಹಾಸದ ಭಾಗ ಶುರುವಾಗುವಲ್ಲಿ ಚರಿತ್ರೆಯ ಕರಾಳ ಅವಧಿಗಳ ಬಗ್ಗೆ ಒಂದು ಟಿಪ್ಪಣಿ ಇದೆ. ಹಿಂದೆ ನಡೆದದ್ದಕ್ಕೆ ಇವತ್ತಿನ ಯಾರನ್ನೂ ಹೊಣೆ ಮಾಡಬಾರದು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತು, ತರಗತಿಯಲ್ಲಿ ಜೋರಾಗಿ ಓದಿಸಬೇಕು. ಆದರೆ ಕರಾಳ ಅಧ್ಯಾಯ 13ನೇ ಶತಮಾನದಲ್ಲಿ ಆರಂಭವಾಯಿತು ಎಂಬ ಭಾವನೆ ಮಗುವಿನಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಶಿಕ್ಷಕರ ಪಾಲಿಗೆ ಬಿದ್ದಿದೆ. ಅದಕ್ಕೆ ನಮ್ಮ ಕಡೆಯದೇ ಒಂದು ಕಲ್ಲು ಇದೆ. ತಮಿಳುನಾಡಿನ ದಾರಾಸುರದಲ್ಲಿ ಸಿಕ್ಕ ಒಂದು ದ್ವಾರಪಾಲಕ ವಿಗ್ರಹ ಚಾಲುಕ್ಯ ಶೈಲಿಯದು. ಚೋಳ ರಾಜಾಧಿರಾಜ 11ನೇ ಶತಮಾನದಲ್ಲಿ ಕಲ್ಯಾಣವನ್ನು, ಅಂದರೆ ಇವತ್ತಿನ ಬಸವಕಲ್ಯಾಣವನ್ನು, ಸುಟ್ಟು ತಂದ ದ್ವಾರಪಾಲಕ ಇದು ಎಂದು ಅದರ ಪೀಠದ ಮೇಲೆಯೇ ತಮಿಳಿನಲ್ಲಿ ಬರೆದಿದೆ. ವಿಗ್ರಹ ಈಗ ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿದೆ. ಸುಟ್ಟವನೂ ಶೈವ, ಸುಡಿಸಿಕೊಂಡ ರಾಜಧಾನಿಯಲ್ಲೂ ಶಿವನ ಗುಡಿಗಳಿದ್ದವು. ಹಾವೇರಿ ಜಿಲ್ಲೆಯ ಅಬಲೂರಿನ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರ ಜೊತೆ ಪಣ ತೊಟ್ಟು, ತಲೆ ಕಡಿದುಕೊಂಡು ಮತ್ತೆ ಪಡೆದು, ಜಿನಬಿಂಬವನ್ನು ಕಿತ್ತದ್ದನ್ನು ಹೆಮ್ಮೆಯಿಂದ ಹೇಳುತ್ತದೆ. ಇವುಗಳಿಂದ ಮುಂದಿನ ಶತಮಾನಗಳ ಧ್ವಂಸ ಸಣ್ಣದಾಗುವುದಿಲ್ಲ. ಆದರೆ ವಿಗ್ರಹ ಕೊಂಡೊಯ್ಯುವುದು, ಗುಡಿ ಬಸದಿ ಕೆಡವುವುದು ಅಧಿಕಾರದ ಭಾಷೆಯೂ ಆಗಿತ್ತು ಎಂದು ಮಗುವಿಗೆ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಅಳತೆ ಹಿಡಿಯಲು ಇಷ್ಟು ಬೇಕೇ ಬೇಕು.

ದಕ್ಷಿಣದ ಭಾಗ ಓದಿದರೆ ಕನ್ನಡಿಗರಿಗೆ ಹೊಟ್ಟೆ ತುಂಬುವುದಿಲ್ಲ. ವಿಜಯನಗರ ಇದೆ, ಕೃಷ್ಣದೇವರಾಯ ಇದ್ದಾನೆ. ಆದರೆ ವಿಜಯನಗರ ಮತ್ತು ಬಹಮನಿಗಳ ಜಗಳ ಎಷ್ಟೋ ಸಲ ಕೃಷ್ಣಾ ತುಂಗಭದ್ರಾ ನಡುವಿನ ರಾಯಚೂರು ಸೀಮೆಯ ಹೊಲ ಮತ್ತು ಕೋಟೆಗಳಿಗಾಗಿ ನಡೆದ ಜಗಳ. 1565ರ ರಕ್ಕಸತಂಗಡಿ ಯುದ್ಧವನ್ನು ಎರಡು ಧರ್ಮಗಳ ಕೊನೆಯ ಕಾಳಗ ಎಂದು ಕಲಿಸಿದರೆ, ಕೆಲವೇ ವರ್ಷಗಳ ಹಿಂದೆ ಬಿಜಾಪುರದ ಸುಲ್ತಾನನ ಜೊತೆಗೂಡಿ ರಾಮರಾಯ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದದ್ದನ್ನು ಎಲ್ಲಿ ಇಡುವುದು? ಹಂಪಿಯಲ್ಲಿ ಇಮ್ಮಡಿ ದೇವರಾಯನ ಸೇನೆಯ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ಅದರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆದು, ಪುಣ್ಯ ರಾಜನಿಗೆ ಸಲ್ಲಲಿ ಎನ್ನುತ್ತದೆ. ಇಂಥ ಒಂದು ಚಿತ್ರ ಪುಸ್ತಕದಲ್ಲಿದ್ದರೆ ಯಾವ ಧರ್ಮದ ಮನೆಯ ಮಗುವಿಗೂ ಪಾಠದ ಒಳಗೆ ತನ್ನ ಜಾಗ ಕಾಣುತ್ತಿತ್ತು.

ದಕ್ಷಿಣ ಭಾರತದ ಶಿಕ್ಷಕರಿಗೆ ಈ ಅಧ್ಯಾಯದ ಜೊತೆ ಕಲಿಸಲು ನಾನು ಸೂಚಿಸುವ ಆಕರ ಒಂದೇ: ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ರಾಜನಲ್ಲಿ ದೂರು ಕೊಡುತ್ತಾರೆ. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ತೀರ್ಪು ಕೊಡುತ್ತಾನೆ. ಮುಖ್ಯವಾದದ್ದು ಆಮೇಲಿನ ಏರ್ಪಾಡು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ವಸೂಲಿಯಾಗಬೇಕು, ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರದೇ. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ಕಾವಲು ಏಕೆ ಬೇಕಾಯಿತು? ರಕ್ಷಣೆಯ ಖರ್ಚು ದೂರು ಕೊಟ್ಟವರ ಮೇಲೆಯೇ ಏಕೆ ಬಿತ್ತು? ರಾಜನಿಗೆ ಇಬ್ಬರೂ ಏಕೆ ಬೇಕಿತ್ತು? ಸೌಹಾರ್ದವೂ ಬಲಾಬಲವೂ ಒಂದೇ ಕಲ್ಲಿನಲ್ಲಿ ಇರುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಶಾಸನದ ಪಾಠ ಎಪಿಗ್ರಾಫಿಯಾ ಕರ್ನಾಟಿಕಾದ ಶ್ರವಣಬೆಳಗೊಳ ಸಂಪುಟದಲ್ಲಿದೆ.

ವಸಾಹತು ಕಾಲದ ಅಧ್ಯಾಯದಲ್ಲಿ ನನಗೆ ಒಪ್ಪಲಾಗದ ಲೋಪ ಒಂದಿದೆ. ಪೋರ್ಚುಗೀಸರು, ಗೋವಾದ ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ), ಕೊಳಚ್ಚಲ್‌ನಲ್ಲಿ ಡಚ್ಚರನ್ನು ಸೋಲಿಸಿದ ಮಾರ್ತಾಂಡವರ್ಮ, ಪ್ಲಾಸಿ, ಬರಗಾಲಗಳು, ಸಂತಾಲರ ಬಂಡಾಯ, 1857 ಎಲ್ಲ ಇವೆ. ಆಂಗ್ಲೋ ಮರಾಠಾ ಯುದ್ಧಗಳು ಇವೆ. ಹೈದರಾಲಿ, ಟಿಪ್ಪು ಮತ್ತು ನಾಲ್ಕು ಮೈಸೂರು ಯುದ್ಧಗಳು ಮಾತ್ರ ಇಲ್ಲ. 1767ರಿಂದ 1799ರವರೆಗೆ ಈಸ್ಟ್ ಇಂಡಿಯಾ ಕಂಪನಿಯನ್ನು ದಕ್ಷಿಣದಲ್ಲಿ ತಡೆದ ಶಕ್ತಿ ಮೈಸೂರು. 1784ರ ಮಂಗಳೂರು ಒಪ್ಪಂದ, ಅರ್ಧ ರಾಜ್ಯ ಕಳೆದುಕೊಂಡ 1792ರ ಶ್ರೀರಂಗಪಟ್ಟಣ ಒಪ್ಪಂದ, ಬ್ರಿಟಿಷರು ಆಮೇಲೆ ಅಭ್ಯಾಸ ಮಾಡಿ ಬೆಳೆಸಿದ ಮೈಸೂರು ರಾಕೆಟ್ಟು, ಇವಿಲ್ಲದೆ ಕಂಪನಿ ಹೇಗೆ ಬೆಳೆಯಿತು ಎಂಬ ವಿವರಣೆ ಕುಂಟುತ್ತದೆ. ಟಿಪ್ಪುವನ್ನು ಇಷ್ಟಪಡುವುದು, ಬಿಡುವುದು ಬೇರೆ ಮಾತು. ಅವನ ಧರ್ಮನೀತಿಯ ಬಗ್ಗೆ ವಿವಾದವಿದೆ ಎಂಬುದು ಪಾಠದಿಂದ ಬಿಡಲು ಕಾರಣವಾಗಲಾರದು. ವಿವಾದವಿರುವುದರಿಂದಲೇ ಅವನು ಪಾಠದಲ್ಲಿ ಇರಬೇಕು.

ಈ ಜಾಗವನ್ನು ತುಂಬಲು ಎರಡು ಪೀರಿಯಡ್ಡು ಮೀಸಲಿಡಿ. ಮೊದಲನೆಯದರಲ್ಲಿ ನಾಲ್ಕು ಯುದ್ಧಗಳು ಮತ್ತು ಒಪ್ಪಂದಗಳು, ನಕ್ಷೆಯ ಮೇಲೆ. ಎರಡನೆಯದರಲ್ಲಿ ಧರ್ಮದ ಪ್ರಶ್ನೆ, ಎರಡು ಕಡೆಯ ದಾಖಲೆಗಳೊಂದಿಗೆ. 1791ರಲ್ಲಿ ಮರಾಠಾ ದಂಡಿನ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದರು, ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಿದರು. ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಮರುಪ್ರತಿಷ್ಠೆಗೆ ನೆರವು ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲೇ ಪತ್ತೆ ಮಾಡಿದರು. ಇದೇ ಟಿಪ್ಪು 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ, ಕೊಡಗು ಮತ್ತು ಮಲಬಾರಿನಲ್ಲಿ ಬಲವಂತದ ಮತಾಂತರ ಮಾಡಿಸಿದ. ಶೃಂಗೇರಿ ಪತ್ರ ಮಾತ್ರ ಓದಿಸಿದರೂ ತಪ್ಪು, ಕೊಡಗು ಮಾತ್ರ ಹೇಳಿದರೂ ತಪ್ಪು. ಮರಾಠರ ಅಧ್ಯಾಯದಲ್ಲಿ ಶಿವಾಜಿ ಪೂಜಾಸ್ಥಳಗಳನ್ನು ಗೌರವಿಸಿದ ಮಾತು ಬರುವಾಗ ಶೃಂಗೇರಿಯ ಪ್ರಸಂಗವನ್ನೂ ಜೋಡಿಸಿ. ರಾಜನ ನೀತಿ ಒಂದು, ನೂರು ವರ್ಷದ ನಂತರದ ದಂಡಿನ ಬಾಲದಲ್ಲಿ ಬಂದ ಲೂಟಿಕೋರರ ನಡತೆ ಇನ್ನೊಂದು ಎಂದು ಮಕ್ಕಳಿಗೆ ಹೊಳೆಯುತ್ತದೆ.

ಇದು ಕೇಂದ್ರದ ಪುಸ್ತಕಕ್ಕೆ ಮಾತ್ರ ತಗುಲಿದ ರೋಗವಲ್ಲ, ಒಂದೇ ಪಕ್ಷದ್ದೂ ಅಲ್ಲ. ರಾಜ್ಯದ ಆರನೇ ತರಗತಿಯ ಪುಸ್ತಕದಲ್ಲಿ ಯಜ್ಞಗಳಿಂದ ಆಹಾರದ ಕೊರತೆಯಾಯಿತು ಎಂಬ ಅರ್ಥದ ಭಾಗವನ್ನು ಸಮುದಾಯವೊಂದರ ಆಕ್ಷೇಪದ ಮೇಲೆ 2020ರಲ್ಲಿ ಕೈಬಿಡಲು ಸಚಿವರು ಸೂಚಿಸಿದರು. 2022ರ ಪರಿಷ್ಕರಣೆಯಲ್ಲಿ ಒಂಬತ್ತನೇ ತರಗತಿಯ ಬಸವಣ್ಣನ ಪಾಠಕ್ಕೆ ಮಠಾಧೀಶರು ಆಕ್ಷೇಪಿಸಿದರು, ಸರ್ಕಾರ ತಿದ್ದಲು ಒಪ್ಪಿತು. 2024ರಲ್ಲಿ ಬೇರೆ ಸರ್ಕಾರ ಅದೇ ಪಾಠವನ್ನು ಮತ್ತೆ ತಿದ್ದಿದಾಗ ವೀರಶೈವ ಎಂಬ ಪದ ಬಿಟ್ಟಿದ್ದಕ್ಕೆ ಅಖಿಲ ಭಾರತ ವೀರಶೈವ ಮಹಾಸಭಾ ಆಕ್ಷೇಪಿಸಿತು. ಜಗಳದ ತಿರುಳು ಉಪನಯನದ್ದು, ಜನಿವಾರದ್ದು. ಹರಿಹರನ ರಗಳೆಯಲ್ಲಿ ಬಸವಣ್ಣ ಹಾಕಿಕೊಂಡಿದ್ದ ಜನಿವಾರವನ್ನು ಕಿತ್ತೆಸೆದು ಹೊರಡುತ್ತಾನೆ. ತೆಲುಗು ಕವಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣದ ಪರಂಪರೆಯಲ್ಲಿ ಉಪನಯನವನ್ನೇ ನಿರಾಕರಿಸುತ್ತಾನೆ. ಇಬ್ಬರೂ ಭಕ್ತಕವಿಗಳು, ಇಬ್ಬರೂ ಬಸವಣ್ಣನ ನಂತರದವರು. ಎರಡೂ ನಿರೂಪಣೆಗಳನ್ನು ಹೆಸರು ಹೇಳಿ ಅಕ್ಕಪಕ್ಕ ಕೊಟ್ಟಿದ್ದರೆ ಸಮಿತಿ ಬದಲಾದಾಗಲೆಲ್ಲ ಪಾಠ ಬದಲಾಯಿಸುವ ಗೋಜೇ ಇರುತ್ತಿರಲಿಲ್ಲ. ಆಕರದ ಹೆಸರಿಲ್ಲದೆ ಒಂದು ವಾಕ್ಯವನ್ನು ಸತ್ಯ ಎಂದು ಅಚ್ಚು ಹಾಕಿದಾಗ ಅದನ್ನು ಕಾಯಲು ಆಧಾರ ಉಳಿಯುವುದಿಲ್ಲ. ಯಾರ ದನಿ ದೊಡ್ಡದೋ ಅವರು ತಿದ್ದಿಸುತ್ತಾರೆ.

ಮನೆಯಲ್ಲಿ ಓದಿಸುವ ತಂದೆ ತಾಯಂದಿರಿಗೆ ಒಂದು ವಿಧಾನ. ಧರ್ಮದ ಮಾತು ಬರುವ ಒಂದು ಪ್ಯಾರಾ ಆರಿಸಿಕೊಂಡು ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ನಡೆದ ಸಂಗತಿ: ಯಾರು, ಎಲ್ಲಿ, ಯಾವ ವರ್ಷ. ಎರಡನೆಯದರಲ್ಲಿ ಅದನ್ನು ಹೇಳಿದವರು ಯಾರು, ಘಟನೆಯಾದ ಎಷ್ಟು ವರ್ಷದ ಮೇಲೆ ಬರೆದರು, ಯಾರ ಅನ್ನ ತಿಂದು ಬರೆದರು. ಮೂರನೆಯದರಲ್ಲಿ ಪುಸ್ತಕ ಸೇರಿಸಿದ ವಿಶೇಷಣಗಳು. ಮೂರನೆಯ ಭಾಗ ತುಂಬಿ ಎರಡನೆಯದು ಖಾಲಿ ಉಳಿದರೆ ಆ ಪ್ಯಾರಾವನ್ನು ಬಾಯಿಪಾಠ ಮಾಡಿಸಬೇಡಿ. ಪರೀಕ್ಷೆಯ ಉತ್ತರದಲ್ಲೂ ಇಸವಿ ಮತ್ತು ಆಕರದ ಹೆಸರನ್ನು ಬರೆಯುವ ಅಭ್ಯಾಸ ಮಾಡಿಸಿ. ಚಿತ್ತೋರಿನಲ್ಲಿ ಕ್ರೌರ್ಯ ನಡೆಯಿತು ಎಂದಷ್ಟೇ ಬರೆಯುವ ಬದಲು, 30,000 ಜನ ಸತ್ತರು ಎಂದು ಅಬುಲ್ ಫಜಲ್ ಬರೆದಿದ್ದಾನೆ ಎಂದು ಬರೆದ ಮಗು ಹೆಚ್ಚು ಕಲಿತಿದೆ.

ಕೊಳ್ಳುವ ವಿಷಯ. ಪುಸ್ತಕದ ಪಿಡಿಎಫ್ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಕ್ಷೆಗಳಿಗಾಗಿ ಅಚ್ಚಿನ ಪ್ರತಿ ಒಳ್ಳೆಯದು. ಆದರೆ ಅಣ್ಣನ ಅಥವಾ ಅಕ್ಕನ ಹಳೆಯ ಪ್ರತಿಯನ್ನೇ ತಮ್ಮನಿಗೆ ದಾಟಿಸುವ ಮುನ್ನ ಮುದ್ರಣದ ತಿಂಗಳು ನೋಡಿ, ಅದು ಪುಸ್ತಕದ ಆರಂಭದ ಹಕ್ಕುಸ್ವಾಮ್ಯದ ಪುಟದಲ್ಲಿರುತ್ತದೆ. ಮರಾಠರ ಅಧ್ಯಾಯದ ನಕ್ಷೆಯಲ್ಲಿ ಜೈಸಲ್ಮೇರ್ ಅನ್ನು ಮರಾಠಾ ಆಳ್ವಿಕೆಯೊಳಗೆ ತೋರಿಸಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ರಾಜಸ್ಥಾನದಿಂದ ಆಕ್ಷೇಪ ಬಂದಿತ್ತು. ಪುಸ್ತಕಗಳ ಮೇಲೆ ಬಂದ ಆಕ್ಷೇಪಗಳನ್ನು ಪರಿಶೀಲಿಸಲು ಎನ್‌ಸಿಇಆರ್‌ಟಿ ತಜ್ಞರ ಸಮಿತಿಯನ್ನೂ ಮಾಡಿತು. ಹಾಗಾಗಿ ಮೊದಲ ಮುದ್ರಣದ ಪ್ರತಿ ಕೈಯಲ್ಲಿದ್ದರೆ ಎರಡನೇ ಮತ್ತು ಮೂರನೇ ಅಧ್ಯಾಯದ ನಕ್ಷೆ ಹಾಗೂ ಚೌಕಗಳನ್ನು ಜಾಲತಾಣದಲ್ಲಿರುವ ಪಿಡಿಎಫ್ ಜೊತೆ ಪುಟಕ್ಕೆ ಪುಟ ಹೋಲಿಸಿ, ವ್ಯತ್ಯಾಸ ಕಂಡ ಪುಟವನ್ನು ಮುದ್ರಿಸಿ ಒಳಗೆ ಅಂಟಿಸಿ. ಹಳೆಯ ಪುಟವನ್ನು ಹರಿಯಬೇಡಿ, ಏನು ಬದಲಾಯಿತು ಎಂದು ಮಗು ನೋಡಲಿ.